ಡಿಜೆ ತಂತ್ರಾಂಶ: ಆಯ್ಕೆ ಯಾವ ಆಧಾರದ ಮೇಲೆ?

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಹೆಸರನ್ನು ನೀವು ಇತಿಹಾಸದ ಪುಸ್ತಕಗಳಲ್ಲಿ ಓದಿರಬಹುದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಅಲ್ಲಿನ ಕಂಬದ ಶಾಸನ ಒಂದು ವಿದ್ಯಾಸಂಸ್ಥೆಯನ್ನು ಕುರಿತದ್ದು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಅಲ್ಲಿ ವಸತಿ ಇತ್ತು. ಊರಿನಲ್ಲಿ ಮದುವೆಯಾದಾಗ, ಉಪನಯನವಾದಾಗ ಆ ಸಂಸ್ಥೆಗೆ ಇಂತಿಷ್ಟು ಹಣ ಸಲ್ಲಬೇಕೆಂಬ ಕಟ್ಟಳೆಯೂ ಇತ್ತು. ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದ ಮದುವೆಗಳ ಖರ್ಚಿನ ಪಟ್ಟಿಯಲ್ಲಿ ಬೇರೊಂದು ಬಾಬು ಸೇರಿಕೊಂಡಿದೆ. ಅದು ಡಿಜೆ.

ಡಿಜೆ ಎಂದರೆ ಮೂಲದಲ್ಲಿ ಡಿಸ್ಕ್ ಜಾಕಿ, ಅಂದರೆ ಹಾಡಿನ ತಟ್ಟೆಗಳನ್ನು ಒಂದರ ಬೆನ್ನಿಗೊಂದು ಕೂಡಿಸಿ ನುಡಿಸುವ ವ್ಯಕ್ತಿ. ನಮ್ಮ ಕಡೆ ಆ ಪದದ ಅರ್ಥ ಬದಲಾಗಿದೆ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳ ರಾಶಿಯೇ ಇಲ್ಲಿ ಡಿಜೆ. ‘ಡಿಜೆ ತರಿಸೀವಿ’ ಎಂದವರು ಹೇಳುವುದು ಪೆಟ್ಟಿಗೆಗಳನ್ನು ಕುರಿತು. ಅವುಗಳ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಆಪರೇಟರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಲೇಖನ ಆ ಲ್ಯಾಪ್‌ಟಾಪ್‌ನಲ್ಲಿರುವ ಮಿಶ್ರಣ ತಂತ್ರಾಂಶವನ್ನು ಕುರಿತದ್ದು.

ಇಂಥ ತಂತ್ರಾಂಶಗಳು ಹಲವು ಇವೆ. ಫ್ರಾನ್ಸ್ ಮೂಲದ ವರ್ಚುವಲ್ ಡಿಜೆ, ನ್ಯೂಜಿಲೆಂಡಿನ ಸೆರಾಟೊ, ಜರ್ಮನಿಯ ಟ್ರಾಕ್ಟರ್, ಜಪಾನಿನ ರೆಕಾರ್ಡ್‌ಬಾಕ್ಸ್, ಎಲ್ಲರಿಗೂ ಮುಕ್ತವಾಗಿ ಸಿಗುವ ಮಿಕ್ಸ್. ಇವುಗಳಲ್ಲಿ ಒಂದನ್ನು ಬಳಸುವವರನ್ನು ‘ಇದೇ ಏಕೆ?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಇದರ ಸೌಂಡ್ ಚಲೋ ಐತ್ರಿ’ ಎಂಬುದು. ಈ ಉತ್ತರ ಎಷ್ಟರಮಟ್ಟಿಗೆ ನಿಜ? ಪರೀಕ್ಷಿಸಿ ನೋಡೋಣ.

ಮಿಶ್ರಣವೆಂದರೆ ಕೂಡುವ ಲೆಕ್ಕ

ಸಿ.ಡಿ. ಗುಣಮಟ್ಟದ ಹಾಡು ಎಂದರೆ ಪ್ರತಿ ವಾಹಿನಿಗೆ ಸೆಕೆಂಡಿಗೆ 44,100 ಸಂಖ್ಯೆಗಳ ಸಾಲು. ಆಯಾ ಕ್ಷಣದಲ್ಲಿ ಧ್ವನಿತರಂಗ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂಬುದನ್ನು ಆ ಸಂಖ್ಯೆಗಳು ಹೇಳುತ್ತವೆ. ಎರಡು ಹಾಡುಗಳನ್ನು ಬೆರೆಸುವಾಗ ತಂತ್ರಾಂಶ ಮೊದಲ ಹಾಡಿನ ಸಂಖ್ಯೆಯನ್ನು ಅದರ ಸ್ಲೈಡರ್ ಇರುವ ಮಟ್ಟದಿಂದ ಗುಣಿಸುತ್ತದೆ, ಎರಡನೆಯದನ್ನೂ ಹಾಗೆಯೇ ಗುಣಿಸುತ್ತದೆ, ನಂತರ ಎರಡನ್ನೂ ಕೂಡುತ್ತದೆ. ಈ ಗುಣಾಕಾರ, ಸಂಕಲನಗಳ ಉತ್ತರ ಫ್ರಾನ್ಸಿನಲ್ಲಿ ಒಂದು, ಜಪಾನಿನಲ್ಲಿ ಇನ್ನೊಂದು ಆಗುವುದಿಲ್ಲ.

ಇದನ್ನು ಶಾಲೆಯ ಗಣಕ ಕೊಠಡಿಯಲ್ಲೇ ಪರೀಕ್ಷಿಸಬಹುದು. ಧ್ವನಿಮುದ್ರಣ ಮಾಡಬಲ್ಲ ಎರಡು ಮಿಶ್ರಣ ತಂತ್ರಾಂಶಗಳಲ್ಲಿ ಒಂದೇ ಹಾಡನ್ನು ವೇಗ ಬದಲಿಸದೆ, ಎಲ್ಲ ಗುಂಡಿಗಳನ್ನೂ ನಡುವೆ ಇಟ್ಟು ನುಡಿಸಿ, ವೇವ್ ಕಡತವಾಗಿ ಉಳಿಸಿ. ಧ್ವನಿಯ ಮಟ್ಟ ಎರಡರಲ್ಲೂ ಒಂದೇ ಇರಲಿ. ಉಚಿತವಾಗಿ ಸಿಗುವ ಅಡಾಸಿಟಿಯಲ್ಲಿ ಎರಡನ್ನೂ ತೆರೆದು, ಆರಂಭವನ್ನು ನಿಖರವಾಗಿ ಹೊಂದಿಸಿ, ಒಂದನ್ನು ತಲೆಕೆಳಗು ಮಾಡಿ ಒಟ್ಟಿಗೆ ನುಡಿಸಿ. ಏರು ಇಳಿವನ್ನು, ಇಳಿವು ಏರನ್ನು ಅಳಿಸುತ್ತದೆ. ಉಳಿಯುವುದು ಮೌನ ಅಥವಾ ಅದಕ್ಕೆ ತೀರ ಹತ್ತಿರದ ಸದ್ದು. ‘ಸೌಂಡ್ ಚಲೋ’ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಒರೆಗಲ್ಲು ಬೇಕಿಲ್ಲ.

ಆದರೆ ಒಂದು ಕಡೆ ಆ ಮಾತಿನಲ್ಲಿ ಹುರುಳಿದೆ. ಹಾಡಿನ ವೇಗವನ್ನು ಶೇ. 6ರಷ್ಟು ಏರಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರುತ್ತದೆ. ಶ್ರುತಿ ಕೆಡದಂತೆ ವೇಗ ಮಾತ್ರ ಬದಲಾಗಬೇಕಾದರೆ ಧ್ವನಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಹೆಚ್ಚು ಅಥವಾ ಕಡಿಮೆ ಸರಿಸಿ ಮತ್ತೆ ಹೆಣೆಯಬೇಕು. ಇದಕ್ಕೆ ಹಲವು ವಿಧಾನಗಳಿವೆ. ಒಂದರ ಬುನಾದಿಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲಾನಗನ್ ಮತ್ತು ಗೋಲ್ಡನ್ 1966ರಲ್ಲಿ ಹಾಕಿದರು. ತಂತ್ರಾಂಶದಿಂದ ತಂತ್ರಾಂಶಕ್ಕೆ ಈ ಹೆಣಿಗೆಯ ಕೌಶಲ ಬೇರೆ. ಹಾಡುವ ದನಿ ಸಾಮಾನ್ಯವಾಗಿ ಚೆನ್ನಾಗಿಯೇ ಉಳಿಯುತ್ತದೆ. ಹಲಗಿಯ ಪೆಟ್ಟಿನ ಮೊನೆ ಮಾತ್ರ ಮೊಂಡಾಗುತ್ತದೆ. ಆಪರೇಟರ್ ಧ್ವನಿಯ ಗುಣವನ್ನು ಹೋಲಿಸಬೇಕಾದ ಮುಖ್ಯ ಜಾಗ ಇದು.

ಕೈಗೂ ಕಿವಿಗೂ ನಡುವಿನ ಅಂತರ

ಜಪಾನಿನ ಮತ್ಸುಶಿತ ಕಂಪನಿಯ ಟೆಕ್ನಿಕ್ಸ್ ಎಸ್‌ಎಲ್-1200 ತಿರುಗುಮಣೆ 1972ರಲ್ಲಿ ಬಂತು. ಅದರ ಮೇಲಿನ ತಟ್ಟೆಯನ್ನು ಬೆರಳಿನಿಂದ ತಡೆದರೆ ಹಾಡು ಆ ಕ್ಷಣವೇ ತಡೆಯುತ್ತಿತ್ತು. ಗಣಕ ಬಂದ ಮೇಲೆ ಇದೇ ಕಷ್ಟದ ಪ್ರಶ್ನೆಯಾಯಿತು: ಕಡತದೊಳಗಿನ ಹಾಡನ್ನು ಬೆರಳಿನಿಂದ ತಡೆಯುವುದು ಹೇಗೆ?

2001ರ ಸುಮಾರಿಗೆ ಹಾಲೆಂಡಿನ ಎನ್2ಐಟಿ ಕಂಪನಿಯ ಫೈನಲ್ ಸ್ಕ್ರ್ಯಾಚ್, 2004ರಲ್ಲಿ ಸೆರಾಟೊದ ಸ್ಕ್ರ್ಯಾಚ್ ಲೈವ್ ಇದಕ್ಕೆ ಒಂದು ಸೊಗಸಾದ ಉತ್ತರ ಕೊಟ್ಟವು. ಇವುಗಳ ತಟ್ಟೆಯ ಮೇಲೆ ಹಾಡಿನ ಬದಲು ಒಂದು ಸಂಜ್ಞೆ ಇರುತ್ತದೆ. ಸೆರಾಟೊದ ತಟ್ಟೆಯಲ್ಲಿ ಅದು 1000 ಹರ್ಟ್ಸ್ ಆವೃತ್ತಿಯ ನಾದ. ತಟ್ಟೆ ವೇಗವಾಗಿ ತಿರುಗಿದರೆ ಆವೃತ್ತಿ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ಎಡ, ಬಲ ವಾಹಿನಿಗಳ ತರಂಗಗಳ ನಡುವೆ ಕಾಲು ಸುತ್ತಿನ ವ್ಯತ್ಯಾಸ ಇಟ್ಟಿರುವುದರಿಂದ ಯಾವುದು ಮುಂದೆ, ಯಾವುದು ಹಿಂದೆ ಎಂದು ನೋಡಿ ತಟ್ಟೆ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದನ್ನೂ ತಂತ್ರಾಂಶ ತಿಳಿಯುತ್ತದೆ. ಪಿ.ಯು. ತರಗತಿಯಲ್ಲಿ ತರಂಗಗಳ ಪ್ರಾವಸ್ಥೆ ಕಲಿಸುವಾಗ ಉದಾಹರಣೆಗೆ ಹುಡುಕಾಡುವ ಶಿಕ್ಷಕರು ಇದನ್ನು ಬಳಸಿಕೊಳ್ಳಬಹುದು.

ನಮ್ಮ ಹಳ್ಳಿಗಳಲ್ಲಿ ತಟ್ಟೆಯ ಬಳಕೆ ಇಲ್ಲವೆಂದರೂ ಸರಿ. ಇಲ್ಲಿರುವುದು ಯುಎಸ್‌ಬಿ ಮೂಲಕ ಜೋಡಿಸುವ ಕಂಟ್ರೋಲರ್ ಅಥವಾ ಬರಿಯ ಕೀಲಿಮಣೆ. ಆದರೂ ಪ್ರಶ್ನೆ ಅದೇ. ಗಣಕ ಧ್ವನಿಯನ್ನು ಒಂದೊಂದೇ ಸಂಖ್ಯೆಯಾಗಿ ಕಳಿಸದೆ ಬಫರ್ ಎಂಬ ಬುಟ್ಟಿಯಲ್ಲಿ ತುಂಬಿ ತುಂಬಿ ಕಳಿಸುತ್ತದೆ. ಬುಟ್ಟಿ 2048 ಸಂಖ್ಯೆಗಳದಾದರೆ ಒಂದು ಬುಟ್ಟಿಗೆ ಹಿಡಿಯುವ ಕಾಲ 2048ನ್ನು 44,100ರಿಂದ ಭಾಗಿಸಿದಷ್ಟು, ಸುಮಾರು 46 ಮಿಲಿಸೆಕೆಂಡ್. 512ರದಾದರೆ ಸುಮಾರು 12 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 12 ಮಿಲಿಸೆಕೆಂಡ್ ವಿಳಂಬವೆಂದರೆ ಡೊಳ್ಳಿನಿಂದ ನಾಲ್ಕು ಮೀಟರ್ ದೂರ ನಿಂತು ಕೇಳಿದಂತೆ. 46 ಮಿಲಿಸೆಕೆಂಡ್ ಎಂದರೆ ಸುಮಾರು 16 ಮೀಟರ್ ದೂರ. ಮೊದಲನೆಯದಕ್ಕೆ ಕೈ ಹೊಂದಿಕೊಳ್ಳುತ್ತದೆ, ಎರಡನೆಯದಕ್ಕೆ ಗೊಂದಲಪಡುತ್ತದೆ.

ಹಾಗಾದರೆ ಬುಟ್ಟಿಯನ್ನು ಚಿಕ್ಕದು ಮಾಡಿದರಾಯಿತಲ್ಲ ಎನ್ನುತ್ತೀರಾ? ಚಿಕ್ಕದಾದಷ್ಟೂ ಅದನ್ನು ಪದೇ ಪದೇ ತುಂಬಬೇಕು. ಸಕಾಲಕ್ಕೆ ತುಂಬದಿದ್ದರೆ ಹಾಡಿನ ನಡುವೆ ಕಟಕಟ ಸದ್ದು. ಹಳೆಯ ಲ್ಯಾಪ್‌ಟಾಪ್, ಏಪ್ರಿಲ್ ತಿಂಗಳ ಬಿಸಿಲು, ಜನರೇಟರಿನ ವಿದ್ಯುತ್ತು: ಇಂಥ ಸ್ಥಿತಿಯಲ್ಲಿ ಯಾವ ತಂತ್ರಾಂಶ ಕಡಿಮೆ ಭಾರ ಹೊರಿಸುತ್ತದೋ ಅದೇ ಗೆಲ್ಲುತ್ತದೆ. ‘ಸೌಂಡ್ ಚಲೋ’ ಎನ್ನುವವರಲ್ಲಿ ಹಲವರು ಹೇಳುತ್ತಿರುವುದು ಬಹುಶಃ ‘ನಡುವೆ ಕಡಿಯುವುದಿಲ್ಲ’ ಎಂದು. ಇದು ನ್ಯಾಯವಾದ ಕಾರಣ.

ಲಯದ ಜಾಲರಿ

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರೋಣ. ಈ ತಂತ್ರಾಂಶಗಳು ಲಯವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತವೆ?

ಒಂದು ಹಾಡು ನಿಮಿಷಕ್ಕೆ 120 ಪೆಟ್ಟುಗಳದು, ಇನ್ನೊಂದು 120.5 ಪೆಟ್ಟುಗಳದು ಎನ್ನೋಣ. ಒಟ್ಟಿಗೆ ಶುರು ಮಾಡಿದರೆ ಒಂದು ನಿಮಿಷ ಕಳೆಯುವಷ್ಟರಲ್ಲಿ ಅರ್ಧ ಪೆಟ್ಟಿನ ಅಂತರ ಬೀಳುತ್ತದೆ. ಒಂದರ ಪೆಟ್ಟು ಇನ್ನೊಂದರ ಖಾಲಿ ಜಾಗದಲ್ಲಿ ಬಿದ್ದು ಕುಣಿಯುವವರ ಹೆಜ್ಜೆ ತಪ್ಪುತ್ತದೆ. ಇದನ್ನು ತಪ್ಪಿಸಲು ತಂತ್ರಾಂಶ ಮೊದಲೇ ಹಾಡನ್ನು ಪರಿಶೀಲಿಸಿ, ಪೆಟ್ಟು ಬೀಳುವ ಜಾಗಗಳನ್ನು ಗುರುತಿಸಿ, ಅವುಗಳ ಮೇಲೆ ಗೆರೆಗಳ ಜಾಲರಿಯೊಂದನ್ನು ಹಾಸುತ್ತದೆ. ಇದೇ ಬೀಟ್ ಗ್ರಿಡ್. ಗುರುತಿಸುವ ಒಂದು ವಿಧಾನ ಸರಳ: ಹಾಡನ್ನು ಅದರದೇ ಪ್ರತಿಯ ಪಕ್ಕದಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋಲಿಸುವುದು. ಎಷ್ಟು ಸರಿಸಿದಾಗ ಎರಡೂ ಚೆನ್ನಾಗಿ ಹೊಂದುತ್ತವೆಯೋ ಅಷ್ಟು ಕಾಲ ಒಂದು ಪೆಟ್ಟಿನದು. ಎರಡು ಪೆಟ್ಟಿನಷ್ಟು ಸರಿಸಿದಾಗಲೂ ಹೊಂದುತ್ತದಲ್ಲ? ಹೌದು, ಅದಕ್ಕೇ 140ರ ಹಾಡನ್ನು ತಂತ್ರಾಂಶ ಕೆಲವೊಮ್ಮೆ 70 ಎಂದು ತೋರಿಸುವುದು.

ಜಾಲರಿ ಸರಿಯಾಗಿ ಕೂತರೆ ಒಂದು ಗುಂಡಿ ಒತ್ತಿದಾಗ ಎರಡು ಹಾಡುಗಳ ಲಯ ತಾನಾಗಿ ಕೂಡುತ್ತದೆ. ಆದರೆ ಇದರ ಹಿಂದೆ ಎರಡು ಊಹೆಗಳಿವೆ. ಹಾಡಿನ ಗತಿ ಮೊದಲಿಂದ ಕೊನೆಯವರೆಗೆ ಒಂದೇ ಎಂಬುದು ಒಂದು. ನಾಲ್ಕು ಪೆಟ್ಟಿಗೊಂದು ಆವರ್ತ ಎಂಬುದು ಇನ್ನೊಂದು. ಯಂತ್ರದಲ್ಲಿ ತಯಾರಾದ ಯುರೋಪು, ಅಮೆರಿಕಗಳ ನೃತ್ಯ ಸಂಗೀತಕ್ಕೆ ಎರಡೂ ಸರಿ. ಕೈಯಿಂದ ನುಡಿಸಿದ ನಮ್ಮ ಸಂಗೀತಕ್ಕೆ?

ಕರಡಿ ಮಜಲಿನವರೋ ಡೊಳ್ಳಿನವರೋ ನಿಧಾನವಾಗಿ ಹಿಡಿದು ಹಂತಹಂತವಾಗಿ ಏರಿಸುತ್ತಾರೆ. ಮೇಳದ ಸೊಗಸು ಇರುವುದೇ ಆ ಏರಿಕೆಯಲ್ಲಿ. ಮೂರು ನಿಮಿಷದ ಒಂದು ನುಡಿಸಾಣಿಕೆ ನಿಮಿಷಕ್ಕೆ 100 ಪೆಟ್ಟಿನಿಂದ ಸಮನಾಗಿ ಏರುತ್ತಾ 130ಕ್ಕೆ ಮುಟ್ಟುತ್ತದೆ ಎಂದುಕೊಳ್ಳಿ. ಸರಾಸರಿ 115, ಒಟ್ಟು ಪೆಟ್ಟು 345. ಸ್ಥಿರಗತಿಯ ಜಾಲರಿಯಲ್ಲೂ 345 ಗೆರೆಗಳೇ ಬೀಳುತ್ತವೆ. ಮೊದಲೂ ಹೊಂದುತ್ತದೆ, ಕೊನೆಯೂ ಹೊಂದುತ್ತದೆ. ಆದರೆ ಒಂದೂವರೆ ನಿಮಿಷದ ಹೊತ್ತಿಗೆ ನುಡಿಸಿದವರು ಹಾಕಿರುವುದು ಸುಮಾರು 161 ಪೆಟ್ಟು, ಜಾಲರಿ ಎಣಿಸಿರುವುದು 172. ಹನ್ನೊಂದಕ್ಕೂ ಹೆಚ್ಚು ಪೆಟ್ಟುಗಳ ಅಂತರ! ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಮಾಡಿಸಿ ನೋಡಿ. ಸರಾಸರಿ ಎಂಬುದು ಏನನ್ನು ಮುಚ್ಚಿಡುತ್ತದೆ ಎಂದು ಅವರಿಗೇ ತಿಳಿಯುತ್ತದೆ.

ಎರಡನೆಯ ಊಹೆಯೂ ಹೀಗೆಯೇ. ಭಜನೆಯ ಪದಗಳು ಎಂಟು ಮಾತ್ರೆಯ ಕೆಹರವಾದಲ್ಲಿದ್ದರೆ ನಾಲ್ಕರ ಜಾಲರಿಗೆ ತೊಂದರೆಯಿಲ್ಲ. ಆರು ಮಾತ್ರೆಯ ದಾದ್ರಾ ಆದರೆ 12 ಮಾತ್ರೆಗೊಮ್ಮೆ ಎರಡೂ ಕೂಡುತ್ತವೆ. ಏಳು ಮಾತ್ರೆಯ ರೂಪಕವಾದರೆ 28ಕ್ಕೊಮ್ಮೆ. ಲಘುತ್ತಮ ಸಾಮಾನ್ಯ ಅಪವರ್ತ್ಯದ ಪಾಠ ಇಲ್ಲಿ ಕಿವಿಗೇ ಕೇಳಿಸುತ್ತದೆ. ರೂಪಕದ ಹಾಡಿನಲ್ಲಿ ‘ನಾಲ್ಕು ಪೆಟ್ಟು ಮರುಕಳಿಸು’ ಎಂಬ ಗುಂಡಿ ಒತ್ತಿದರೆ ತಾಳದ ನಡು ಮುರಿಯುತ್ತದೆ.

ತಯಾರಕರಿಗೆ ಮೊದಲ ಕೊರತೆ ಗೊತ್ತಿದೆ. ಗತಿ ಬದಲಾದಂತೆ ಜಾಲರಿಯೂ ಹಿಗ್ಗುವ, ಕುಗ್ಗುವ ಅನುಕೂಲ ರೆಕಾರ್ಡ್‌ಬಾಕ್ಸ್‌ನಲ್ಲಿದೆ. ಸೆರಾಟೊದಲ್ಲಿ ಗುರುತುಗಳನ್ನು ಕೈಯಿಂದ ಹಲವು ಕಡೆ ನೆಡಬಹುದು. ಟ್ರಾಕ್ಟರ್‌ಗೆ ಇಂಥ ಜಾಲರಿ ಬಂದದ್ದು 2024ರ ನಾಲ್ಕನೆಯ ಆವೃತ್ತಿಯಲ್ಲಿ. ಮಿಕ್ಸ್‌ನಲ್ಲಿ ‘ಗತಿ ಸ್ಥಿರವೆಂದು ಭಾವಿಸು’ ಎಂಬ ಆಯ್ಕೆಯನ್ನು ತೆಗೆದುಹಾಕಬಹುದು. ಆದರೆ ಇಲ್ಲೊಂದು ತೊಡಕಿದೆ. ಜಾಲರಿ ನಿಖರವಾದ ಮೇಲೆ ಆಪರೇಟರ್ ಏನು ಮಾಡುತ್ತಾನೆ? ಅದನ್ನು ಸ್ಥಿರಗತಿಯ ಇನ್ನೊಂದು ಹಾಡಿಗೆ ಜೋಡಿಸುತ್ತಾನೆ. ಆಗ ತಂತ್ರಾಂಶ ಕರಡಿಯ ಏರಿಕೆಯನ್ನು ಕ್ಷಣಕ್ಷಣಕ್ಕೂ ಹಿಂದಕ್ಕೆಳೆದು ಸಮತಟ್ಟು ಮಾಡುತ್ತದೆ. ಏರಿಕೆಯನ್ನು ಸರಿಯಾಗಿ ಅಳೆದದ್ದು ಅದನ್ನು ಅಳಿಸುವುದಕ್ಕೇ ಎಂದಾಯಿತು. ಹಳೆಯ ಕ್ಯಾಸೆಟ್ಟಿನ ಗೀಗೀ ಪದಕ್ಕೂ ಹಂತಿಯ ಹಾಡಿಗೂ ಕೆಳಗೆ ಒಂದೇ ಸಮನಾದ ಡ್ರಮ್ ಪೆಟ್ಟು ಸೇರಿಸಿ ‘ಡಿಜೆ ಮಿಕ್ಸ್’ ಮಾಡುವಾಗ ಆಗುವುದೂ ಇದೇ. ಈಚಿನ ಜಾನಪದ ಡಿಜೆ ಹಾಡುಗಳಲ್ಲಿ ಬಹುಪಾಲು ಸ್ಟುಡಿಯೋದಲ್ಲೇ ಸ್ಥಿರಗತಿಗೆ ಕಟ್ಟಿದವು, ಅವುಗಳಿಗೆ ಹಾನಿಯಿಲ್ಲ. ಹಳೆಯದಕ್ಕೆ ಇದೆ. ಮದುವೆ ಮೆರವಣಿಗೆಯಲ್ಲಿ ಮಾತ್ರ ಆ ಹಾಡು ಕೇಳಿ ಬೆಳೆದ ಮಗು ಸಮತಟ್ಟಾದ ರೂಪವನ್ನೇ ಅಸಲು ಎಂದುಕೊಳ್ಳುತ್ತದೆ.

ಬಿಡಿಸುವ ಯಂತ್ರ, ಕಟ್ಟಿಹಾಕುವ ಕಡತ

ಹಾಡಿನಿಂದ ದನಿಯನ್ನು, ವಾದ್ಯಗಳನ್ನು ಬೇರೆ ಬೇರೆ ಮಾಡುವ ಸೌಲಭ್ಯ ಈಚಿನ ಆಕರ್ಷಣೆ. ಫ್ರಾನ್ಸಿನ ಡೀಜರ್ ಕಂಪನಿ 2019ರಲ್ಲಿ ಸ್ಪ್ಲೀಟರ್ ಎಂಬ ಕೃತಕ ನರಜಾಲದ ಸಾಧನವನ್ನು ಮುಕ್ತವಾಗಿ ಕೊಟ್ಟಿತು. ನಂತರದ ವರ್ಷಗಳಲ್ಲಿ ವರ್ಚುವಲ್ ಡಿಜೆ, ಸೆರಾಟೊ, ರೆಕಾರ್ಡ್‌ಬಾಕ್ಸ್, ಟ್ರಾಕ್ಟರ್ ಎಲ್ಲಕ್ಕೂ ಇಂಥ ಸೌಲಭ್ಯ ಬಂತು. ಈ ಕ್ಷೇತ್ರದಲ್ಲಿ ರೂಢಿಯಾಗಿರುವ ವಿಂಗಡಣೆ ನಾಲ್ಕು: ದನಿ, ಡ್ರಮ್ಸ್, ಬೇಸ್, ಇತರೆ. ಇದು ಗಿಟಾರ್ ವಾದ್ಯವೃಂದದ ವಿಂಗಡಣೆ. ಇದರಲ್ಲಿ ಶಹನಾಯಿ, ಹಾರ್ಮೋನಿಯಂ, ತುಂತುಣಿ ಮೂರಕ್ಕೂ ಸಿಗುವ ಹೆಸರು ‘ಇತರೆ’. ಡೊಳ್ಳಿನ ಒಂದು ಮಗ್ಗುಲಿನ ಮಂದ್ರ ನಾದ ಬೇಸ್ ಪಾಲಿಗೆ, ಇನ್ನೊಂದು ಮಗ್ಗುಲಿನದು ಡ್ರಮ್ಸ್ ಪಾಲಿಗೆ ಹೋಗಲೂಬಹುದು. ಸೌಲಭ್ಯ ಬೆರಗಿನದೇ ಸರಿ. ನಮ್ಮ ವಾದ್ಯಗಳನ್ನು ಅದು ಇನ್ನೂ ಕಲಿಯಬೇಕಾಗಿದೆ.

ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಜನ ಹೋಗದಿರಲು ಇನ್ನೂ ಒಂದು ಕಾರಣವುಂಟು. ಹಾಡು ಎಲ್ಲಿಂದ ಶುರುವಾಗಬೇಕು, ಎಲ್ಲಿ ಮರುಕಳಿಸಬೇಕು ಎಂದು ವರ್ಷಗಟ್ಟಲೆ ಹಾಕಿಟ್ಟ ಗುರುತುಗಳನ್ನು ಪ್ರತಿ ತಂತ್ರಾಂಶವೂ ತನ್ನದೇ ರೀತಿಯಲ್ಲಿ ಬರೆದಿಡುತ್ತದೆ. ಬದಲಿಸಿದರೆ ಆ ದುಡಿಮೆ ಪೂರ್ತಿಯಾಗಿ ಜೊತೆಗೆ ಬರುವುದಿಲ್ಲ. ರೆಕಾರ್ಡ್‌ಬಾಕ್ಸ್‌ನಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್ ಅದೇ ಕಂಪನಿಯ ಯಂತ್ರಗಳಲ್ಲಿ ಲ್ಯಾಪ್‌ಟಾಪ್ ಇಲ್ಲದೆ ನಡೆಯುತ್ತದೆ. ದೊಡ್ಡ ನಗರಗಳ ಕ್ಲಬ್‌ಗಳಲ್ಲಿ ಅದಕ್ಕಿರುವ ಮೇಲುಗೈ ಧ್ವನಿಯಿಂದ ಬಂದದ್ದಲ್ಲ, ಈ ಜೋಡಣೆಯಿಂದ ಬಂದದ್ದು. ಆ ಕಂಪನಿ ಆಲ್ಫಾತೀಟಾ 2023ರಲ್ಲಿ ಸೆರಾಟೊವನ್ನು ಕೊಳ್ಳಲು ಹೊರಟಿತು. ಸ್ಪರ್ಧೆ ಕುಗ್ಗುತ್ತದೆಂದು ನ್ಯೂಜಿಲೆಂಡಿನ ವಾಣಿಜ್ಯ ಆಯೋಗ 2024ರಲ್ಲಿ ಅದಕ್ಕೆ ಒಪ್ಪಿಗೆ ನಿರಾಕರಿಸಿತು. ಬಳಕೆದಾರರ ಇಷ್ಟ ಎಂದು ನಾವು ಕರೆಯುವುದರ ಹಿಂದೆ ಇಂಥ ಲೆಕ್ಕಾಚಾರಗಳೂ ಇರುತ್ತವೆ.

ಮಾಪಕ ಹೇಳದ ಮಾತು

ಎಲ್ಲ ತಂತ್ರಾಂಶಗಳಲ್ಲೂ ಹಸಿರು, ಹಳದಿ, ಕೆಂಪು ದೀಪಗಳ ಮಾಪಕವಿದೆ. ಗಣಕದೊಳಗಿನ ಸಂಖ್ಯೆ ಗರಿಷ್ಠ ಮಿತಿಗೆ ಎಷ್ಟು ಹತ್ತಿರವಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸಮಾನ ಎತ್ತರದ ಎರಡು ತರಂಗಗಳ ತುದಿಗಳು ಒಂದೇ ಕ್ಷಣ ಕೂಡಿದರೆ ಪಾರ ಎರಡರಷ್ಟು, ಅಂದರೆ 6 ಡೆಸಿಬೆಲ್ ಏರುತ್ತದೆ. ಮಿತಿ ಮೀರಿದ ತುದಿ ಕತ್ತರಿಸಿಹೋಗಿ ಕರ್ಕಶವಾದ ಹೊಸ ಆವೃತ್ತಿಗಳು ಹುಟ್ಟುತ್ತವೆ. ಕೆಂಪು ದೀಪದ ಎಚ್ಚರಿಕೆ ಇದಕ್ಕೆ. ಆದರೆ ದೀಪ ಹಸಿರಾಗಿದ್ದಾಗಲೂ ಪೆಟ್ಟಿಗೆಯ ಮುಂದೆ ನಿಂತವರ ಕಿವಿಯ ಬಳಿ 100 ಡೆಸಿಬೆಲ್ ಇರಬಹುದು. ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆಯ ಸಲಹೆ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಅರ್ಧರ್ಧ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ಇದನ್ನು ಮೇಲೆ ಹೇಳಿದ ಯಾವ ತಂತ್ರಾಂಶದ ಮಾಪಕವೂ ಹೇಳುವುದಿಲ್ಲ. ಇದು ಎಲ್ಲಕ್ಕೂ ಸಮಾನವಾದ ದೋಷ.

ಹಾಗಾದರೆ ಯಾವುದು?

ಹಳ್ಳಿಯ ಆಪರೇಟರ್ ವರ್ಚುವಲ್ ಡಿಜೆಯತ್ತ ಒಲಿಯುವುದರಲ್ಲಿ ತಪ್ಪೇನೂ ಇಲ್ಲ. ಅಗ್ಗದ ಕಂಟ್ರೋಲರ್‌ಗಳಿಗೂ ಅದು ಹೊಂದುತ್ತದೆ, ಯಾರೋ ಕೊನೆಯ ಗಳಿಗೆಯಲ್ಲಿ ತಂದ ಪೆನ್‌ಡ್ರೈವ್‌ನ ಹಾಡನ್ನೂ ವಿಡಿಯೋವನ್ನೂ ತಕರಾರಿಲ್ಲದೆ ನುಡಿಸುತ್ತದೆ. ಸಂಪಾದನೆಗಾಗಿ ಬಳಸುವವರು ಪರವಾನಗಿ ಕೊಳ್ಳಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಬೀಗ ಮುರಿದ ಪ್ರತಿಗಳ ಜೊತೆ ವೈರಸ್ ಬಂದರೆ ಮೆರವಣಿಗೆಯ ನಡುವೆ ಲ್ಯಾಪ್‌ಟಾಪ್ ನಿಲ್ಲುತ್ತದೆ. ಕೈಚಳಕವನ್ನೇ ನೆಚ್ಚಿದವರಿಗೆ ಸೆರಾಟೊ, ಕ್ಲಬ್‌ಗಳಲ್ಲಿ ನುಡಿಸುವವರಿಗೆ ರೆಕಾರ್ಡ್‌ಬಾಕ್ಸ್ ಸಹಜ ಆಯ್ಕೆಗಳು.

ಶಾಲೆಗೆ, ಕಾಲೇಜಿಗೆ ಮಾತ್ರ ನನ್ನ ಶಿಫಾರಸು ಮಿಕ್ಸ್. ಟೂ ಹಾಸ್ಟೆ ಆಂಡರ್ಸನ್ ಎಂಬ ಸಂಶೋಧಕರು 2001ರಲ್ಲಿ ತಮ್ಮ ಅಧ್ಯಯನಕ್ಕಾಗಿ ಆರಂಭಿಸಿದ ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹೊಳಪಿನಲ್ಲಿ, ಹಾಡು ಬಿಡಿಸುವ ಸೌಲಭ್ಯದಲ್ಲಿ ಇದು ಉಳಿದವುಗಳಿಗಿಂತ ಹಿಂದೆ. ಆದರೆ ಇದರ ಆಕರ ಸಂಕೇತ ತೆರೆದಿದೆ. ಪೆಟ್ಟನ್ನು ಹೇಗೆ ಗುರುತಿಸುತ್ತದೆ ಎಂದು ಓದಬಹುದು, ಬಲ್ಲವರು ತಿದ್ದಬಹುದು. ಏಳು ಮಾತ್ರೆಯ ಜಾಲರಿ ಬೇಕೆಂದು ಪರದೇಶದ ಕಂಪನಿಗೆ ಪತ್ರ ಬರೆದು ಕಾಯುವ ಬದಲು ವಿಜಯಪುರದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಅದನ್ನು ತಾನೇ ಬರೆಯಲು ಯತ್ನಿಸಬಹುದು.

ಅದಕ್ಕೂ ಮೊದಲು ಒಂದು ಚಿಕ್ಕ ಕೆಲಸವಿದೆ. ನಿಮ್ಮ ಊರಿನ ಮೇಳದವರನ್ನು ಶಾಲೆಗೆ ಕರೆಸಿ, ಐದು ನಿಮಿಷ ಬಾರಿಸಲು ಹೇಳಿ, ಮೊಬೈಲ್‌ನಲ್ಲಿ ಮುದ್ರಿಸಿಕೊಳ್ಳಿ. ಪ್ರತಿ 15 ಸೆಕೆಂಡಿನ ಪೆಟ್ಟುಗಳನ್ನು ಮಕ್ಕಳೇ ಎಣಿಸಿ ನಕ್ಷಾಹಾಳೆಯ ಮೇಲೆ ಗುರುತಿಸಲಿ. ಆಮೇಲೆ ಅದೇ ಕಡತವನ್ನು ಮಿಕ್ಸ್‌ಗೆ ಕೊಟ್ಟು ಅದು ಹೇಳುವ ಒಂದೇ ಸಂಖ್ಯೆಯನ್ನು ಅಡ್ಡಗೆರೆಯಾಗಿ ಎಳೆಯಿರಿ. ಮಕ್ಕಳ ವಕ್ರರೇಖೆಗೂ ಆ ಅಡ್ಡಗೆರೆಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಮೇಳದವರಿಗೂ ತೋರಿಸಿ. ಆ ಏರಿಕೆ ಎಲ್ಲಿಂದ ಶುರುವಾಗಬೇಕು, ಏಕೆ ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳುವುದನ್ನು ಮರೆಯಬೇಡಿ.